ಅತ್ತೆಯ ಮಂಡಿಗೆ ಬ್ಯಾಂಡೇಜು

ಮೆಲ್ಬರ್ನಿಗೆ ಬಂದ ಹೊಸತರಲ್ಲಿ ನನಗೆ ಕೆಲಸವಿರಲಿಲ್ಲ. ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲವೆಂದು ಎಲ್ಲರೂ ಬಾಗಿಲು ಹಾಕಿದ ಮೇಲೆ ಡ್ಯಾಂಡಿನಾಂಗಿನ ಒಂದು ವೃದ್ಧಾಶ್ರಮದಲ್ಲಿ ಪುಕ್ಕಟೆ ಸೇವೆಗೆ ಸೇರಿದೆ. ವಿಸಿಟರ್ ವೀಸಾದಲ್ಲಿ ಬಂದು ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಅತ್ತೆಯೂ ಜೊತೆಗೆ ಹೊರಟರು. ಇಂಗ್ಲಿಷಿನ ಗಂಧಗಾಳಿಯಿಲ್ಲ, ಆದರೆ ಅಧಿಕಾರ ಚಲಾಯಿಸಲು ಅವರಿಗೆ ಭಾಷೆ ಯಾವತ್ತೂ ಬೇಕಾಗಿರಲಿಲ್ಲ.

ಅಲ್ಲಿ ನಮಗೆ ಗಂಟುಬಿದ್ದವಳು ಇಂಗ್ಲೆಂಡಿನಿಂದ ಬಂದ ಒಬ್ಬ ಅಜ್ಜಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವಳ ಊರಿನ ಶ್ರೀಮಂತರ ಬಂಗಲೆ ಗಾಯಗೊಂಡ ಸೈನಿಕರ ಆಸ್ಪತ್ರೆಯಾಗಿತ್ತಂತೆ. ನಡೆಸುತ್ತಿದ್ದವರು ಊರಿನ ಹೆಂಗಸರೇ, ಸಂಬಳವಿಲ್ಲದೆ. ಆಗಿನ್ನೂ ಹುಡುಗಿಯಾಗಿದ್ದ ಇವಳು ಬ್ಯಾಂಡೇಜು ಕಟ್ಟುವುದನ್ನು ಕಲಿತು ಆಸೆಯಿಂದ ಹೋದರೆ, ಯಜಮಾನಿ ಕೈಗೆ ಕೊಟ್ಟದ್ದು ಪೊರಕೆ. "ಯುದ್ಧವೇ ಮುಗಿದುಹೋಯಿತು, ನನಗೆ ಒಂದು ಗಾಯವೂ ಸಿಗಲಿಲ್ಲ," ಎಂದು ಹಲುಬುತ್ತಿದ್ದಳು.

ಒಬ್ಬರಿಗಾದರೂ ಕಟ್ಟದೆ ಸಾಯುವುದಿಲ್ಲವೆಂದು ಅವಳ ಹಟ. ಊಟದ ನ್ಯಾಪ್ಕಿನ್ ಹಿಡಿದು ಪಕ್ಕದವರ ಮೊಣಕೈ ಹುಡುಕುತ್ತಿದ್ದಳು. ಮ್ಯಾನೇಜರ್ ಬೈದು ಕಸಿದುಕೊಂಡರೆ ಮಧ್ಯಾಹ್ನವಿಡೀ ಗೋಡೆಯತ್ತ ಮುಖ ಮಾಡಿ ಕೂರುತ್ತಿದ್ದಳು. ನೋಡಿ ನನಗೆ ಸಂಕಟವಾಗುತ್ತಿತ್ತು.

"ಏನಂತೇ ಅವಳದ್ದು?" ಎಂದು ಒಂದು ದಿನ ಅಜ್ಜಿಯ ಕೋಣೆಯಲ್ಲಿ ಅತ್ತೆ ಕೇಳಿದರು. ಹೇಳಿದೆ.

"ಅಷ್ಟೇನಾ? ನನ್ನ ಮಂಡಿ ಇಲ್ವೇನೇ, ದಿನಾ ಪ್ರಾಣ ತಿನ್ನೋದು? ಬಾಗಿಲು ಹಾಕು."

ಮಡಿಯೆಂದು ಸೊಸೆಯನ್ನೇ ಮಾರು ದೂರ ನಿಲ್ಲಿಸುವ ಅತ್ತೆ, ಸ್ಟೂಲಿನ ಮೇಲೆ ಕಾಲು ಚಾಚಿ ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡರು. ನನ್ನ ಕಾಟನ್ ದುಪಟ್ಟಾ ಬ್ಯಾಂಡೇಜಾಯಿತು. ಹುಡುಗಿಯಾಗಿದ್ದಾಗ ಕಲಿತದ್ದು, ಆದರೂ ಅಜ್ಜಿಗೆ ಒಂದು ಸುತ್ತೂ ತಪ್ಪಲಿಲ್ಲ. "ಅಯ್ಯಯ್ಯೋ, ಸತ್ತೇ!" ಎಂದು ಅತ್ತೆ ಕಂಪನಿ ನಾಟಕದವರಂತೆ ನರಳಿದರು. ನಾನು ನಗು ತಡೆಯಲಾರದೆ ತುಟಿ ಕಚ್ಚಿಕೊಂಡೆ.

ಕೂಗು ಕೇಳಿ ಮ್ಯಾನೇಜರ್ ಓಡಿಬಂದಳು. "ಏನಾದ್ರೂ ಆದ್ರೆ ಇನ್ಶೂರೆನ್ಸ್ ಬರಲ್ಲ!" ಎನ್ನುತ್ತಾ ಗಂಟು ಬಿಚ್ಚಲು ಕೈಹಾಕಿದಳು.

"ಮುಟ್ಟಬೇಡಮ್ಮಾ, ಮಡಿ!" ಅತ್ತೆ ಗದರಿದರು. ಅರ್ಥವಾಗದಿದ್ದರೂ ಅವಳ ಕೈ ಹಿಂದೆ ಸರಿಯಿತು. ಅಷ್ಟರಲ್ಲಿ ಅಜ್ಜಿ ಬಾಗಿಲತ್ತ ಬೆರಳು ತೋರಿಸಿದಳು. "ವಿಸಿಟಿಂಗ್ ಟೈಮ್ ಮುಗೀತು. ನನ್ನ ಪೇಷೆಂಟ್ ಮಲಗಬೇಕು."

ಮ್ಯಾನೇಜರ್ ನನ್ನ ಮುಖ ನೋಡಿದಳು. ನಾನು ವಿನಯದಿಂದ ಬಾಗಿಲು ತೆರೆದು ಹಿಡಿದೆ. ಪಾಪ, ಹೋದಳು.

ಸಂಜೆ ಗೇಟು ದಾಟುತ್ತಲೇ, "ಇನ್ನು ಬಿಚ್ಚಿಬಿಡಿ ಅತ್ತೆ, ಎಷ್ಟು ಬಿಗಿಯಾಗಿದೆ," ಎಂದೆ.

"ಸುಮ್ನಿರೇ. ಹಿಂದೆ ಕಿಟಕಿ ನೋಡು."

ಅಜ್ಜಿ ಗಾಜಿಗೆ ಮುಖವಿಟ್ಟು ತನ್ನ ಪೇಷೆಂಟ್ ನಡೆಯುವುದನ್ನೇ ನೋಡುತ್ತಿದ್ದಳು. ಅತ್ತೆ ಬಸ್ ಸ್ಟಾಪಿನವರೆಗೂ ಇನ್ನಷ್ಟು ಕುಂಟಿದರು.