ನಿಮ್ಮ ನಿಮ್ಮ ಹಾಸನಗಳಲ್ಲಿ

ರಾಮನಾಥಪುರದ ಕಡೆಯವರ ನಾಲಿಗೆಗೂ ಹಕಾರಕ್ಕೂ ಅಷ್ಟಕ್ಕಷ್ಟೆ. ಅಲ್ಲಿ ಹಾಲು ಆಲಾಗುತ್ತದೆ, ಹುಣಸೆ ಉಣಸೆಯಾಗುತ್ತದೆ, ಜಿಲ್ಲೆಯ ಹೆಸರಾದ ಹಾಸನವೇ ಆಸನವಾಗುತ್ತದೆ. ಇದರಿಂದ ಯಾರ ಗಂಟೂ ಹೋಗಿರಲಿಲ್ಲ. ತಂಬಾಕು ಬೆಳೆಯುವ ದೇವರಾಜು ಅವರ ಮಗಳು ಶೋಭಿತಾ ಪೈಲಟ್ ಆಗಲು ಹೊರಟಳು ನೋಡಿ, ಅಲ್ಲಿಂದ ತಾಪತ್ರಯ ಶುರುವಾಯಿತು. ವಿಮಾನ ಹಾರಿಸುವುದನ್ನು ಬೇಗ ಕಲಿತಳು; ಹಕಾರ ಹಾರಿಸದೆ ಮಾತಾಡುವುದನ್ನು ಕಲಿಯುವುದಕ್ಕೆ ಸಾಕುಸಾಕಾಯಿತು.

ವಿಮಾನ ಯಾವ ದಿಕ್ಕಿಗೆ ಮುಖ ಮಾಡಬೇಕೆನ್ನುವುದಕ್ಕೆ ‘ಹೆಡಿಂಗ್’ ಎನ್ನುತ್ತಾರೆ. ನೆಲದ ಮೇಲಿನ ಕಂಟ್ರೋಲಿನವರು ರೇಡಿಯೋದಲ್ಲಿ ಹೇಳಿದ್ದನ್ನು ಪೈಲಟ್ ತಪ್ಪದೆ ತಿರುಗಿ ಹೇಳಬೇಕು. ಶೋಭಿತಾ ‘ಎಡಿಂಗ್’ ಎಂದು ತರಬೇತಿ ಶಾಲೆಯಲ್ಲಿ ನಗೆಪಾಟಲಾದಳು. ತಿದ್ದಿಕೊಳ್ಳಲು ಹೋಗಿ ಸಿಕ್ಕಿದ್ದಕ್ಕೆಲ್ಲ ಹಕಾರ ಹಚ್ಚಿ, ‘ಏಟ್’ ಅನ್ನು ‘ಹೇಟ್’ ಮಾಡಿ ಇನ್ನಷ್ಟು ನಗಿಸಿದಳು. ಆದರೂ ಜಗ್ಗಲಿಲ್ಲ. ಲೈಸೆನ್ಸ್ ಬಂದರೂ ಕೆಲಸ ಸಿಗದೆ ಚನ್ನರಾಯಪಟ್ಟಣದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳಿದಳು. ಆಮೇಲೆ ಹುಬ್ಬಳ್ಳಿ, ಮಂಗಳೂರು ಎಂದು ತಿರುಗುವ ಫ್ಯಾನಿನ ಪುಟ್ಟ ವಿಮಾನ, ಆಮೇಲೆ ದೆಹಲಿ, ಕೋಲ್ಕತ್ತಕ್ಕೆ ಹೋಗುವ ಜೆಟ್. ಕೊನೆಗೆ ಎಡಗಡೆಯ ಸೀಟು, ಹೆಗಲ ಮೇಲೆ ನಾಲ್ಕು ಪಟ್ಟಿ, ಕ್ಯಾಪ್ಟನ್ ಎಂಬ ಹೆಸರು. ತಂಬಾಕು ಹರಾಜಿನಲ್ಲಿ ದೇವರಾಜು ತಮ್ಮ ಬೇಲ್‌ಗಳ ಗುಣಕ್ಕಿಂತ ಮಗಳ ಗುಣವನ್ನೇ ಹೆಚ್ಚು ಹೊಗಳಿದರು.

ಶೋಭಿತಾಳ ಮನಸ್ಸು ಮಾತ್ರ ಸಮುದ್ರದಾಚೆಗೆ ನೆಟ್ಟಿತ್ತು. ಖಂಡ ದಾಟುವ ದೊಡ್ಡ ವಿಮಾನಕ್ಕೆ ಹೋಗಬೇಕೆಂದರೆ ಕ್ಯಾಪ್ಟನ್‌ಗಿರಿ ಬಿಟ್ಟು, ಮೂರು ಪಟ್ಟಿ ಹಾಕಿಕೊಂಡು, ಮತ್ತೆ ಬಲಗಡೆಯ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂರಬೇಕಿತ್ತು. ಅವಳು ಒಪ್ಪಿಕೊಂಡಳು. ಅಪ್ಪ ಒಪ್ಪಲಿಲ್ಲ.

“ಎಡಕ್ಕೆ ಕೂತಿದ್ದೋಳ್ನ ಬಲಕ್ಕೆ ಕೂರಿಸವ್ರೆ ಅಂದ್ರೆ ಏನವ್ವ ಅರ್ಥ? ಇಳಿಸ್ಬುಟ್ರು ಅನ್ನಾಕಿಲ್ವಾ ಜನ?”

“ವಿಮಾನ ದೊಡ್ಡದು ಕಣಪ್ಪ.”

“ಇಮಾನ ದೊಡ್ದಾಗಿ ನೀನು ಚಿಕ್ಕೋಳಾದೆಯಲ್ಲವ್ವ.”

ಆ ಮಾತು ಅವಳ ಎದೆಯಲ್ಲಿ ನಾಟಿಕೊಂಡಿತು. ತರಬೇತಿಯುದ್ದಕ್ಕೂ ಅದು ಅಲ್ಲೇ ಇತ್ತು.

ಕೊನೆಯ ಪರೀಕ್ಷೆ ಬೆಂಗಳೂರಿನಿಂದ ಲಂಡನ್ನಿಗೆ. ಪರೀಕ್ಷೆ ಮಾಡುವ ಹಿರಿಯ ಕ್ಯಾಪ್ಟನ್ನೇ ಎಡಗಡೆ ಕೂತಿದ್ದರು. ಉತ್ತರ ಭಾರತದವರು, ಕನ್ನಡ ಬಾರದು, ಮಾತೂ ಕಡಿಮೆ. ಇದರಲ್ಲಿ ಫೇಲಾದರೆ ದೊಡ್ಡ ವಿಮಾನವೂ ಇಲ್ಲ, ಬಿಟ್ಟುಬಂದ ಎಡಗಡೆಯ ಸೀಟು ಮತ್ತೆ ಸಿಕ್ಕುವ ಭರವಸೆಯೂ ಇಲ್ಲ. ಹೊರಡುವ ಮುಂಚೆ ಅವರು, “ನಿನ್ನ ಕೆಲಸ ಚೆನ್ನಾಗಿದೆ. ಆದರೆ ಹೊರದೇಶದವರು ನಿನ್ನ ಎಡಿಂಗ್ ಅರ್ಥ ಮಾಡಿಕೊಳ್ಳುತ್ತಾ ಕೂರುವುದಿಲ್ಲ. ಒಂದೊಂದು ಹಕಾರವೂ ನನಗೆ ಕೇಳಿಸಬೇಕು” ಎಂದರು.

ಶೋಭಿತಾ ಹಕಾರದ ಮೇಲೆ ಎಷ್ಟು ನಿಗಾ ಇಟ್ಟಳೆಂದರೆ ಉಸಿರಾಡುವಾಗಲೂ ಅದೇ ಕೇಳಿಸತೊಡಗಿತು. ದಾರಿಯ ನಡುವೆ ವಿಮಾನ ಕುಲುಕಾಡಿತು. ಪ್ರಯಾಣಿಕರಿಗೆ ಹೇಳು ಎಂದು ಕ್ಯಾಪ್ಟನ್ ಸನ್ನೆ ಮಾಡಿದರು. ಅವಳು ಇಂಗ್ಲಿಷಿನಲ್ಲಿ ಹೇಳಿ, ಕನ್ನಡದಲ್ಲೂ ಹೇಳಿದಳು: “ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಹಾಸನಗಳಲ್ಲಿ ಕುಳಿತು ಬೆಲ್ಟ್ ಕಟ್ಟಿಕೊಳ್ಳಿ.”

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಗಗನಸಖಿ ಧನ್ಯಾ ಒಳಗಿನ ಫೋನಿನಲ್ಲಿ ಬಂದಳು. “ಮೇಡಂ, ಇಲ್ಲಿ ಜನ ಬಿದ್ದೂ ಬಿದ್ದೂ ನಗ್ತಿದಾರೆ. ಅರಕಲಗೂಡಿನ ಒಬ್ಬರು ಅಜ್ಜಿ, ‘ಬೆಳಗ್ಗೆ ತಾನೆ ಆಸನ ಬುಟ್ ಬಂದಿವ್ನಿ, ತಿರ್ಗಾ ಅಲ್ಗೇ ಕಳಿಸ್ತೀಯಲ್ಲವ್ವ’ ಅಂತಿದಾರೆ.”

ಶೋಭಿತಾಳ ಕಿವಿ ಬಿಸಿಯಾಯಿತು. ಏನು ತಮಾಷೆ ಎಂದು ಕ್ಯಾಪ್ಟನ್ ಕೇಳಿದಾಗ ಮುಚ್ಚಿಡದೆ ಹೇಳಿದಳು. ಅವರು ನಗಲಿಲ್ಲ. “ಹಕಾರ ನಿನ್ನ ಹತ್ತಿರ ಇದೆ ಅಂತಾಯಿತು. ಇಳಿಯುವಾಗ ಸರಿಯಾದ ಜಾಗದಲ್ಲಿ ಖರ್ಚು ಮಾಡು” ಎಂದರು.

ಅದೇನೋ, ಆಗಬಾರದ ನಗೆಪಾಟಲು ಆಗಿಯೇ ಹೋದ ಮೇಲೆ ಅವಳ ನಾಲಿಗೆಯ ಬಿಗಿ ಸಡಿಲಾಯಿತು. ಲಂಡನ್ ಹತ್ತಿರವಾದಂತೆ ರೇಡಿಯೋದಲ್ಲಿ ಒಂದರ ಹಿಂದೊಂದು ಹೆಡಿಂಗ್ ಬಂತು. ಅವಳು ಒಂದರ ಹಿಂದೊಂದು ತಿರುಗಿ ಹೇಳಿದಳು. ಹಕಾರ ಬೇಕಾದಲ್ಲಿ ಬಂತು, ಬೇಡವಾದಲ್ಲಿ ತೆಪ್ಪಗಿತ್ತು. ಯಾರೂ ‘ಮತ್ತೊಮ್ಮೆ ಹೇಳಿ’ ಎನ್ನಲಿಲ್ಲ. ವಿಮಾನ ನಿಂತ ಮೇಲೆ ಕ್ಯಾಪ್ಟನ್ ಕೈ ಕುಲುಕಿ, “ಪಾಸ್” ಎಂದರು, ಅಷ್ಟೆ. ಹೋಟೆಲ್ ರೂಮಿನಲ್ಲಿ ಶೋಭಿತಾ ಯೂನಿಫಾರ್ಮ್ ಕೂಡ ಬಿಚ್ಚದೆ ಮಂಚದ ಮೇಲೆ ಕೂತು ಅತ್ತಳು. ಸಂತೋಷಕ್ಕೆ ಅರ್ಧ, ಅಪ್ಪನ ಮಾತಿಗೆ ಅರ್ಧ. ಕಣ್ಣೊರೆಸಿಕೊಂಡು ಅಪ್ಪನಿಗೆ ಫೋನ್ ಮಾಡಿ, ಪಾಸಾದದ್ದನ್ನೂ ಅತ್ತದ್ದನ್ನೂ ಬಿಟ್ಟು, ಮೊದಲು ಹಾಸನದ ಕಥೆಯನ್ನೇ ಹೇಳಿದಳು. ದೇವರಾಜು ಕೆಮ್ಮು ಬರುವವರೆಗೆ ನಕ್ಕರು. ನಕ್ಕು ಸುಧಾರಿಸಿಕೊಂಡು, “ಲಂಡನ್‌ಗಂಟ ಇಮಾನ ನೀನೇ ತಕ್ಕೊಂಡ್ ಓದ್ಯಾ?” ಎಂದು ಮೆಲ್ಲಗೆ ಕೇಳಿದರು.

ರಜೆಯಲ್ಲಿ ಊರಿಗೆ ಬಂದವಳು ಅಪ್ಪನ ಜೊತೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಳು. ಪಕ್ಕದ ಹೊಲದ ದ್ಯಾವಯ್ಯ ಬಂದು ಬೆಂಚಿನ ಮೇಲೆ ಕೂತು, “ಏನ್ಲಾ ದೇವರಾಜ, ಮಗಳ್ನ ಇಳಿಸ್ಬುಟ್ರಂತೆ?” ಎಂದ.

ಶೋಭಿತಾ ಲೋಟ ಕೆಳಗಿಟ್ಟಳು.

“ಯಾವನ್ಲಾ ಅಂಗಂದೋನು?” ದೇವರಾಜು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು. “ಇಳ್ದಿಲ್ಲ ಕಣ್ಲಾ. ಲಂಡನ್‌ಗೆ ಓಗೋ ಇಮಾನ ಅತ್ತವ್ಳೆ ನನ್ ಮಗಳು.”

ಹತ್ತಿದ್ದಕ್ಕೂ ಅತ್ತದ್ದಕ್ಕೂ ಆ ಊರಿನ ಬಾಯಲ್ಲಿ ಒಂದೇ ಮಾತು. ಶೋಭಿತಾ ಅಪ್ಪನನ್ನು ತಿದ್ದಲಿಲ್ಲ. ಅವಳು ಎರಡನ್ನೂ ಮಾಡಿದ್ದಳು.