ಬಾಡಿಗೆ ಮನೆಗೆ ಕನ್ನಡಿಯಂಥ ಟೈಲ್ಸ್

"ಅಜ್ಜೀ, ನೀವೇ ಒಮ್ಮೆ ಇದ್ರ ಮೇಲೆ ನಡೀರಿ, ನೋಡುವ" ಅಂತ ಟೈಲ್ಸ್ ಕೆಲಸದ ಸುಮತಿ, ನೆಲದಲ್ಲಿ ಜೋಡಿಸಿಟ್ಟ ಟೈಲ್ಸಿನ ಮೇಲೆ ಸಾಬೂನು ನೀರು ಚೆಲ್ಲಿದ್ಳು.

ಕಾರಡ್ಕದಲ್ಲಿ ನಾನು ಬಾಡಿಗೆಗೆ ಕೊಟ್ಟ ಮನೆಯ ಬಚ್ಚಲು ರಿಪೇರಿ ಆಗ್ತಾ ಇತ್ತು. ನಮ್ಮ ಮನೆಯ ಹಾಲ್‌ನ ನೆಲಕ್ಕೆ ಹಾಕಿ ಉಳಿದ ಕನ್ನಡಿಯಂಥ ಟೈಲ್ಸ್ ಇತ್ತಲ್ಲ, ಅದನ್ನೇ ಅಲ್ಲಿ ಮುಗಿಸುವ ಅಂತ ನನ್ನ ಉಪಾಯ. ಅಲ್ಲಿ ಬಾಡಿಗೆಗಿರುವುದು ಜಮೀಲಾ. ಅವಳ ಅತ್ತೆ ಕೋಲು ಊರಿ ನಡೆಯುವವರು.

ನಾನು ಜೋರು ಮಾಡಿ ಒಂದು ಕಾಲಿಟ್ಟೆ. ಸರ್ರಂತ ಜಾರಿತು! ಸುಮತಿ ರಟ್ಟೆ ಹಿಡಿಯದೇ ಇದ್ದಿದ್ರೆ ಈ ಬರಹವನ್ನು ಆಸ್ಪತ್ರೆಯಲ್ಲಿ ಮಲಗಿ ಟೈಪ್ ಮಾಡ್ಬೇಕಿತ್ತು.

"ಇದನ್ನೇ ಹಾಕುದಾದ್ರೆ ಬೇರೆಯವರನ್ನು ಕರೀರಿ. ಕೋಲು ಊರುವ ಆ ಉಮ್ಮ ಬಿದ್ರೆ ನಂಗೆ ಅನ್ನ ಇಳಿಯುದಿಲ್ಲ."

"ಎಂತ ಮಾರಾಯ್ತಿ, ಸಂಬಳ ಕೊಡುದು ನಾನಲ್ವಾ?"

"ಇಲ್ಲಿ ಮೀಯುದು ನೀವಲ್ಲ ಅಲ್ವಾ!" ಅಂದವಳು ಸಿಮೆಂಟ್ ಮೆತ್ತುವ ಕರಣೆ ತೊಳೆದು ಚೀಲಕ್ಕೆ ಹಾಕಿಯೇ ಬಿಟ್ಳು.

ಅಂದೇ ಕಾಲು ಜಾರದ ದೊರಗು ಟೈಲ್ಸ್ ತರಿಸಿದೆ. ಆಮೇಲೆ ನನ್ನ ಬಚ್ಚಲಿಗೂ ಅವಳನ್ನೇ ಕರೆದೆ. ಕೆಲಸ ಮುಗಿದ ದಿನ ಎಂತ ಮಾಡಿದ್ಳು ಗೊತ್ತುಂಟಾ? ಸಾಬೂನು ನೀರು ಚೆಲ್ಲಿ, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಮೊದಲು ತಾನೇ ನಡೆದು ನೋಡಿದ್ಳು.