ಮುಳುಗಿದ ಚರ್ಚಿಗೆ ಎಷ್ಟು ದುಡ್ಡು

ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ನಿಂತು ಹೋದರೂ ಟಿಕೆಟ್ ಪೂರಾ ಕೊಡಬೇಕು. ನಿಂತವರಿಗೆ ಅರ್ಧ ಸಾಕೆಂದು ಕಂಡಕ್ಟರನ ಹತ್ತಿರ ವಾದಿಸಿದವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕಾಡಿಗೆ ಹುಲಿ ನೋಡಲು ಹೋಗಿ ಬರೀ ಧೂಳು ನೋಡಿ ಬಂದವರೂ ಜೀಪಿನವನಿಗೆ ಪೂರಾ ಕೊಟ್ಟೇ ಬರುತ್ತಾರಂತೆ. ಅದೇ ಮಹನೀಯರು ನಮ್ಮ ಶೆಟ್ಟಿಹಳ್ಳಿಗೆ ಬಂದರೆ, ಹಿನ್ನೀರಿನ ಪಾಳು ಚರ್ಚು ತೋರಿಸುವ ನನ್ನ ಇಪ್ಪತ್ತು ರೂಪಾಯಿಗೆ ಮಾತ್ರ ನ್ಯಾಯಶಾಸ್ತ್ರ ಬಿಚ್ಚುತ್ತಾರೆ. ಯಾಕೆಂದು ನೀವೇ ಹೇಳಿ.

ನಾನು ಓದಿದ್ದು ಮೂರನೇ ಕ್ಲಾಸು. ಗೈಡ್ ಆದದ್ದು ವಿದ್ಯೆಯಿಂದಲ್ಲ, ಮಂಡಿನೋವಿನಿಂದ. ಗದ್ದೆಗೆ ಇಳಿಯಲಾರದೆ ದಡದಲ್ಲಿ ಕೂತಿದ್ದೆ, ಬಂದವರು ಕೇಳಿದರು, ಹೇಳಿದೆ, ಕೊಟ್ಟರು. ಅಷ್ಟೇ ನನ್ನ ಸಾಧನೆ.

ರೀಲು ಹಾಕುವ ಕ್ಯಾಮೆರಾಗಳ ಕೊನೆಗಾಲದ ಮಾತು. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗಿದ್ದಾಗ ಮೈಸೂರಿನ ಲೆಕ್ಕದ ಮೇಷ್ಟ್ರೊಬ್ಬರು ಹೆಂಡತಿಯೊಡನೆ ಬಂದರು.

"ಅಜ್ಜಿ, ಅರ್ಧ ಚರ್ಚು ತಾನೇ ಕಾಣ್ತಿರೋದು? ಹತ್ತು ತಗೊಳ್ಳಿ."

ಹಿಂದೆಯೇ ಇನ್ನೊಂದು ಕಾರು ನಿಂತಿತ್ತು. ಇವರಿಗೆ ಹತ್ತಾದರೆ ಅವರಿಗೂ ಹತ್ತು, ಆಮೇಲೆ ಮಳೆಗಾಲವೆಲ್ಲ ಹತ್ತೇ.

"ಕಾಣಾದ್ನ ತೋರ್ಸಕ್ಕೆ ನಾನ್ಯಾಕೆ ಸಾ? ನಿಮ್ಗೂ ಕಣ್ಣವೆ. ಕಾಣ್ದಿರಾದ್ಕೇ ಕಣ್ ಸಾ ಗೈಡು ಬೇಕಾಗಾದು."

"ಸರಿ, ಕಾಣದ್ದನ್ನೇ ತೋರಿಸಿ, ನೋಡೋಣ."

ತೋರಿಸಿದೆ. ಅಣೆಕಟ್ಟಿನ ನೀರು ನುಂಗಿದ ನಮ್ಮ ಹಳೇ ಮನೆ ಇದ್ದದ್ದು ಚರ್ಚಿನ ಪಕ್ಕದಲ್ಲೇ. ಬರೀ ನೀರಿನ ಕಡೆ ಬೆರಳು ಮಾಡಿ ಕೊಟ್ಟಿಗೆ, ಬಾವಿ, ನಮ್ಮತ್ತೆ ನನ್ನನ್ನು ಬೈಯಲೆಂದೇ ಬಂದು ಕೂರುತ್ತಿದ್ದ ಜಗಲಿ, ಒಂದೊಂದನ್ನೇ ಹೇಳುತ್ತಾ ಹೋದೆ. "ನೀರೊಳಗೆ ಬಾವಿಯೇ?" ಎಂದು ನಕ್ಕ ಮೇಷ್ಟ್ರು ಬಾವಿಗೆ ಒಂದು, ಜಗಲಿಗೆ ಎರಡು ಫೋಟೊ ಹೊಡೆದರು. ಅವರ ಹೆಂಡತಿ, "ಸ್ವಲ್ಪ ಈಚೆ ಬನ್ರೀ, ಕೊಟ್ಟಿಗೆಗೆ ಅಡ್ಡ ನಿಂತಿದೀರ" ಎಂದರು. ಇಪ್ಪತ್ತು ಕೊಟ್ಟರು.

ಮುಗಿಯಿತೆಂದುಕೊಂಡರೆ, ಮೇಷ್ಟ್ರು ಹಿಂದಿನ ಕಾರಿನವರನ್ನು ಕರೆದು ನಿಲ್ಲಿಸಿಕೊಂಡು ಪುಕ್ಕಟೆ ಪಾಠ ಶುರುಮಾಡಿಬಿಟ್ಟರು. ನನ್ನ ಕಸುಬು ನನ್ನ ಕಣ್ಣೆದುರಿಗೇ ನೀರುಪಾಲು.

"ಅದೋ ನೋಡಿ, ಅಜ್ಜಿಯ ಅತ್ತೆ ಕೂರ್ತಿದ್ದ ಜಗಲಿ."

"ಅದು ತಿಪ್ಪೆ ಕಣ್ ಸಾ" ಎಂದೆ.

ಆ ಕಾರಿನವರು ಒಮ್ಮೆ ಮೇಷ್ಟ್ರನ್ನು, ಒಮ್ಮೆ ನನ್ನನ್ನು, ಒಮ್ಮೆ ನೀರನ್ನು ನೋಡಿದರು. ಅವರಲ್ಲೊಬ್ಬಾಕೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಇಪ್ಪತ್ತರ ನೋಟು ತೆಗೆದು ನನ್ನ ಕೈಗಿಟ್ಟರು.

ನೀರಿನ ಮೇಲೆ ಎಲ್ಲಿಗೆ ಬೆರಳು ಮಾಡಿದರೂ ಸುಳ್ಳೆನ್ನುವವರು ಯಾರೂ ಇಲ್ಲ. ಆದರೂ ದುಡ್ಡು ತಗೊಂಡ ಮೇಲೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತು, ಜಗಲಿ ಎಲ್ಲಿತ್ತೋ ಅಲ್ಲಿಗೇ, ಮೇಷ್ಟ್ರು ತೋರಿಸಿದ್ದ ಜಾಗಕ್ಕೇ, ಕೈ ತೋರಿಸಿದೆ.